ಆ ತ್ರಿಕೋನದ ಜಾಗದಲ್ಲಿ ಒಂದು ಬೀಸುವ ಕಲ್ಲು ಇಡಿ

ಶಾಲೆಯ ಇತಿಹಾಸ ಪುಸ್ತಕ ಬರೆಯುವವರಿಗೆ, ಅದನ್ನು ತಿದ್ದುವವರಿಗೆ, ನನ್ನ ಹಾಗೆ ಅದನ್ನು ಕೈಯಲ್ಲಿ ಹಿಡಿದು ಪಾಠ ಮಾಡುವ ಎಲ್ಲ ಮೇಷ್ಟ್ರುಗಳಿಗೆ, ಮೇಡಂಗಳಿಗೆ,

ನಮಸ್ಕಾರ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಪ್ರತಿ ವರ್ಷ ಮಧ್ಯಯುಗದ ಯುರೋಪಿನ ಪಾಠ ಬಂದಾಗ ಬೋರ್ಡಿನ ಮೇಲೆ ಒಂದು ತ್ರಿಕೋನ ಬರೆಯುತ್ತೇನೆ. ನೀವೂ ನೋಡಿರುತ್ತೀರಿ. ತುದಿಯಲ್ಲಿ ರಾಜ, ಅವನ ಕೆಳಗೆ ದೊಡ್ಡ ಒಡೆಯರು, ಅವರ ಕೆಳಗೆ ಕುದುರೆ ಏರಿ ಕಾದಾಡುವ ನೈಟ್‌ಗಳು, ಎಲ್ಲರಿಗಿಂತ ಕೆಳಗೆ ಅಗಲವಾದ ಪಟ್ಟಿಯಲ್ಲಿ ಜೀತದಾಳುಗಳು. ಮೇಲಿನಿಂದ ಕೆಳಕ್ಕೆ ಭೂಮಿ, ಕೆಳಗಿನಿಂದ ಮೇಲಕ್ಕೆ ಊಳಿಗ. ಎರಡು ಬಾಣದ ಗುರುತು ಹಾಕಿದರೆ ಊಳಿಗಮಾನ್ಯ ಪದ್ಧತಿ ಮುಗಿಯಿತು. ಗೈಡಿನಲ್ಲೂ ಅದೇ ಚಿತ್ರ, ಯೂಟ್ಯೂಬಿನಲ್ಲೂ ಅದೇ ಚಿತ್ರ.

ಈ ವರ್ಷ ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು. "ಸರ್, ಕೆಳಗೆ ಇಷ್ಟೊಂದು ಜನ ಇದಾರಲ್ವಾ, ಇವರೆಲ್ಲ ಅಷ್ಟು ವರ್ಷ ಸುಮ್ನೆ ಇದ್ರಾ?"

ಇಲ್ಲಮ್ಮ, ಸುಮ್ಮನಿರಲಿಲ್ಲ ಅಂದೆ. ಹಾಗಾದರೆ ಏನು ಮಾಡಿದರು ಅಂದಳು. ಅಷ್ಟರಲ್ಲಿ ಬೆಲ್ ಹೊಡೆಯಿತು. ಮಾರನೇ ದಿನ ಬೇರೆ ಪಾಠ ಶುರು ಮಾಡಬೇಕಿತ್ತು, ಸಿಲಬಸ್ ಮುಗಿಸಬೇಕಲ್ಲ. ಆ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು, ಆದರೆ ಪುಸ್ತಕದಲ್ಲಿ ಇರಲಿಲ್ಲ. ಇರಬೇಕಿತ್ತು. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಕೋರಿಕೆ ಒಂದೇ. ಆ ತ್ರಿಕೋನ ತೆಗೆದು ಅದೇ ಜಾಗದಲ್ಲಿ ಒಂದು ಊರಿನ ಕಥೆ ಹಾಕಿ. ಊರಿನ ಹೆಸರು ಸೇಂಟ್ ಆಲ್ಬನ್ಸ್. ಲಂಡನ್ನಿನ ಉತ್ತರಕ್ಕಿದೆ, ಮೂವತ್ತು ಚಿಲ್ಲರೆ ಕಿಲೋಮೀಟರ್ ಅಷ್ಟೇ. ಆ ಊರಿನಲ್ಲಿ ಒಡೆಯ ಅಂದರೆ ಕೋಟೆ ಕಟ್ಟಿಕೊಂಡ ದೊರೆ ಅಲ್ಲ, ಒಂದು ಮಠ. ಸನ್ಯಾಸಿಗಳ ದೊಡ್ಡ ಕ್ರೈಸ್ತ ಮಠ. ಊರು, ಸುತ್ತಲಿನ ಹೊಲ, ಕಾಡು, ಹೊಳೆ, ಹೊಳೆಯ ಮೇಲಿನ ಹಿಟ್ಟಿನ ಗಿರಣಿ, ಎಲ್ಲ ಮಠದ್ದು. ಅಬಾಟ್ ಅಂತ ಕರೆಯುವ ಮಠಾಧಿಪತಿ ಹೇಳಿದ್ದೇ ಅಲ್ಲಿ ನ್ಯಾಯ.

ಮಠದ ಒಂದು ಕಟ್ಟುನಿಟ್ಟಾದ ನಿಯಮ ಇತ್ತು. ಯಾರ ಮನೆಯ ಕಾಳೇ ಆಗಲಿ, ಮಠದ ಗಿರಣಿಯಲ್ಲೇ ಬೀಸಿಸಬೇಕು. ಬೀಸಿಕೊಟ್ಟಿದ್ದಕ್ಕೆ ಒಂದು ಪಾಲು ಮಠಕ್ಕೆ ಬಿಡಬೇಕು. ಮನೆಯಲ್ಲಿ ಬೀಸುವ ಕಲ್ಲು ಇಟ್ಟುಕೊಂಡರೆ ತಪ್ಪು. ಇದು ಆ ಒಂದೇ ಊರಿನ ಕಥೆಯಲ್ಲ, ಯುರೋಪಿನ ಎಷ್ಟೋ ಕಡೆ ಒಡೆಯರಿಗೆ ಈ ಹಕ್ಕು ಇತ್ತು. ಒಂದು ಕ್ಷಣ ಯೋಚನೆ ಮಾಡಿ, ಯಾಕೆ ಅಂತ. ಹೊಳೆಯ ಗಿರಣಿ ಎಲ್ಲರ ಕಣ್ಣಿಗೆ ಬೀಳುತ್ತದೆ, ಬಾಗಿಲಲ್ಲಿ ಒಬ್ಬ ಆಳನ್ನು ನಿಲ್ಲಿಸಿದರೆ ಪ್ರತಿ ಮೂಟೆಯಿಂದಲೂ ಪಾಲು ಎತ್ತಬಹುದು. ಮನೆಯೊಳಗೆ ಹೆಂಗಸರು ಬೆಳಗಿನ ಜಾವ ಬೀಸಿಕೊಂಡರೆ ಲೆಕ್ಕ ಇಡುವವರು ಯಾರು? 1086ರಲ್ಲಿ ವಿಲಿಯಂ ರಾಜ ಇಂಗ್ಲೆಂಡಿನ ಊರೂರಿನ ಲೆಕ್ಕ ಬರೆಸಿದಾಗಲೇ ಅದರಲ್ಲಿ ಸುಮಾರು 6,000 ಗಿರಣಿಗಳು ದಾಖಲಾಗಿವೆ. ಅಷ್ಟು ಮುಖ್ಯ ಆದಾಯ ಅದು.

ಸೇಂಟ್ ಆಲ್ಬನ್ಸ್‌ನ ಜನ ಮನೆಯಲ್ಲೇ ಬೀಸುತ್ತಿದ್ದರು. ಮಠ ಕಲ್ಲು ಕಿತ್ತುಕೊಳ್ಳುತ್ತಿತ್ತು, ಜನ ಮತ್ತೆ ತರುತ್ತಿದ್ದರು. ಕೋರ್ಟಿಗೆ ಹೋದರು, ಸೋತರು, ಮತ್ತೆ ಹೋದರು. ಹದಿಮೂರನೇ ಶತಮಾನದಿಂದಲೇ ಈ ಜಗಳ ನಡೆದಿತ್ತು. ಕೊನೆಗೆ 1330ರ ದಶಕದ ಶುರುವಿನಲ್ಲಿ ರಿಚರ್ಡ್ ಆಫ್ ವಾಲಿಂಗ್‌ಫರ್ಡ್ ಅನ್ನುವ ಮಠಾಧಿಪತಿ ಗೆದ್ದ. ಊರಿನ ಬೀಸುವ ಕಲ್ಲುಗಳನ್ನೆಲ್ಲ ಮಠಕ್ಕೆ ಹೊರಿಸಿದ. ಆಮೇಲೆ ಅವನು ಮಾಡಿದ್ದು ಕೇಳಿ. ಆ ಕಲ್ಲುಗಳನ್ನು ಮಠದ ಒಂದು ಕೋಣೆಯ ನೆಲಕ್ಕೆ ಹಾಸುಗಲ್ಲು ಮಾಡಿಸಿದ. ಹೊರಗಿನವರು ಬಂದರೆ ಕೂತು ಮಾತಾಡುವ ಕೋಣೆ ಅದು. ಊರಿನವರು ಏನಾದರೂ ಕೇಳಿಕೊಂಡು ಅಲ್ಲಿಗೆ ಬಂದರೆ ತಮ್ಮ ಅಜ್ಜಿ, ಅಮ್ಮ ಬೀಸಿದ ಕಲ್ಲನ್ನೇ ತುಳಿದು ನಿಲ್ಲಬೇಕು.

ಬೀಸುವ ಕಲ್ಲು ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಅಜ್ಜಿ ಮನೆಯಲ್ಲಿ ಒಂದಿದೆ. ಗೂಟ ಸವೆದು ನುಣ್ಣಗಾಗಿದೆ, ಮೇಲಿನ ಕಲ್ಲಿನ ಬಾಯಿ ಒಂದು ಕಡೆ ಸ್ವಲ್ಪ ಒಡೆದಿದೆ. ಅಜ್ಜಿ ಅದರ ಮುಂದೆ ಕಾಲು ಚಾಚಿ ಕೂತು ರಾಗಿ ಬೀಸುತ್ತಾ ಪದ ಹೇಳುತ್ತಿದ್ದರು. ಅದನ್ನು ಯಾರೂ ತುಳಿಯುವ ಹಾಗಿರಲಿಲ್ಲ. ಅಕಸ್ಮಾತ್ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕಿತ್ತು. ಅದಕ್ಕೇ ಹೇಳುತ್ತೇನೆ, ಈ ಕಥೆಯ ನೋವು ನಮ್ಮ ಮಕ್ಕಳಿಗೆ ಲಂಡನ್ನಿನ ಮಕ್ಕಳಿಗಿಂತ ಬೇಗ ಗೊತ್ತಾಗುತ್ತದೆ. ತ್ರಿಕೋನ ಬಿಡಿಸಿದಾಗ ಅವರ ಮುಖದಲ್ಲಿ ಏನೂ ಕಾಣುವುದಿಲ್ಲ.

ಆ ಮಠಾಧಿಪತಿ ರಿಚರ್ಡ್ ಯಾರು ಗೊತ್ತಾ? ಒಬ್ಬ ಕಮ್ಮಾರನ ಮಗ. ಚಿಕ್ಕಂದಿನಲ್ಲೇ ಅಪ್ಪ ತೀರಿಕೊಂಡ, ವಾಲಿಂಗ್‌ಫರ್ಡಿನ ಮಠದ ಹಿರಿಯರೊಬ್ಬರು ಸಾಕಿ ಆಕ್ಸ್‌ಫರ್ಡಿಗೆ ಕಳಿಸಿದರು. ಗಣಿತದಲ್ಲಿ, ನಕ್ಷತ್ರ ವಿದ್ಯೆಯಲ್ಲಿ ದೊಡ್ಡ ಪಂಡಿತ. ಸೂರ್ಯ ಚಂದ್ರರ ಚಲನೆ ತೋರಿಸುವ ಭಾರಿ ಗಡಿಯಾರ ಮಾಡಿಸಲು ಹೊರಟ, ಅದು ಆ ಕಾಲಕ್ಕೆ ದೊಡ್ಡ ಅದ್ಭುತ. ಕುಷ್ಠ ರೋಗದಿಂದ ನರಳಿ 1336ರಲ್ಲಿ ಸತ್ತ. ಇವನನ್ನು ತ್ರಿಕೋನದಲ್ಲಿ ಎಲ್ಲಿ ಕೂರಿಸುತ್ತೀರಿ? ಕಮ್ಮಾರನ ಮಗನಾಗಿ ಕೆಳಗಾ, ಒಡೆಯನಾಗಿ ಮೇಲಾ? ಕೆಳಗಿನಿಂದ ಹೋದವನೇ ಕೆಳಗಿನವರ ಕಲ್ಲು ಕಿತ್ತ. ಇಂಥದ್ದನ್ನು ಒಂಬತ್ತನೇ ಕ್ಲಾಸಿನ ಮಕ್ಕಳು ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾರೆ, ನಾವು ಹೇಳಬೇಕು ಅಷ್ಟೇ.

"ಸರ್, ಇದು ನಮ್ಮ ವರ್ಣದ ಥರ ಅಲ್ವಾ" ಅಂತ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಕೇಳಬೇಕು ಕೂಡ. ಪ್ರಾರ್ಥನೆ ಮಾಡುವವರು, ಯುದ್ಧ ಮಾಡುವವರು, ದುಡಿಯುವವರು ಅಂತ ಮೂರು ಪಂಗಡ ಹೇಳಿದವರು ಅಲ್ಲೂ ಇದ್ದರು. ಉತ್ತರ ಫ್ರಾನ್ಸಿನ ಲಾನ್ ಊರಿನ ಬಿಷಪ್ ಅಡಾಲ್ಬೆರೊ 1020ರ ದಶಕದಲ್ಲಿ ತನ್ನ ರಾಜನಿಗೆ ಬರೆದ ಪದ್ಯದಲ್ಲಿ ಇದನ್ನೇ ಹೇಳುತ್ತಾನೆ. ಆದರೆ ಅಲ್ಲಿ ಮೊದಲ ಪಂಗಡದವರು ಮದುವೆಯಾಗುವ ಹಾಗಿರಲಿಲ್ಲ, ಅದರಲ್ಲೂ ಹನ್ನೊಂದನೇ ಶತಮಾನದ ನಂತರ ಚರ್ಚು ಇದನ್ನು ಬಿಗಿ ಮಾಡಿತು. ಹಾಗಾಗಿ ಪಾದ್ರಿಯ ಜಾಗ ಮಗನಿಗೆ ಬರುವುದಿಲ್ಲ, ಪ್ರತಿ ತಲೆಮಾರಿನಲ್ಲೂ ಹೊರಗಿನಿಂದ ಜನ ಬರಲೇಬೇಕು. ಕಮ್ಮಾರನ ಮಗ ಒಳಗೆ ಹೋದದ್ದು ಹಾಗೆ. ಹಾಗಂತ ಬಾಗಿಲು ಎಲ್ಲರಿಗೂ ತೆರೆದಿತ್ತು ಅಂತಲೂ ಅಲ್ಲ. ಒಡೆಯನ ನೆಲಕ್ಕೆ ಕಟ್ಟುಬಿದ್ದ ರೈತ ಮಗನನ್ನು ಓದಿಗೆ ಕಳಿಸಬೇಕಾದರೆ ಒಡೆಯನ ಅಪ್ಪಣೆ ಬೇಕು, ಅದಕ್ಕೂ ದುಡ್ಡು ಕಟ್ಟಬೇಕು. ಅದೇ ಅಡಾಲ್ಬೆರೊ ಆ ಪದ್ಯದಲ್ಲಿ ಇನ್ನೊಂದು ಮಾತು ಬರೆದಿದ್ದಾನೆ, ನನಗೆ ತುಂಬಾ ಇಷ್ಟವಾದದ್ದು. ಆಳನ್ನು ತಾನು ಸಾಕುತ್ತಿದ್ದೇನೆ ಅಂದುಕೊಂಡ ಒಡೆಯ ಆಳಿನ ಕೈಯಿಂದಲೇ ಉಣ್ಣುತ್ತಿದ್ದಾನೆ ಅಂತ. ಬಿಷಪ್ಪೇ ಬರೆದ ಮಾತು ಇದು, ದಂಗೆ ಎದ್ದವರದ್ದಲ್ಲ.

ಇನ್ನು ಜೀತದಾಳು ಅನ್ನುವ ಪದ. ದಯವಿಟ್ಟು ಇದನ್ನು ಒಮ್ಮೆ ಯೋಚಿಸಿ. ಜೀತ ಅಂದ ಕೂಡಲೇ ನಮ್ಮ ಮಕ್ಕಳಿಗೆ ನೆನಪಾಗುವುದು ಸಾಲಕ್ಕೆ ಒತ್ತೆಯಿಟ್ಟ ಆಳು, ಗೌಡರ ಮನೆಯ ಕೊಟ್ಟಿಗೆಯಲ್ಲಿ ಮಲಗುವವನು. ಇಂಗ್ಲೆಂಡಿನ ವಿಲನ್ ಬೇರೆ. ಹೌದು, ಅವನ ಹೆಸರೇ ವಿಲನ್. ಹಳ್ಳಿಯವನು ಅಂತ ಮೂಲ ಅರ್ಥ. ಮೇಲಿನವರ ಬಾಯಲ್ಲಿ ಅದು ಬೈಗುಳವಾಗಿ, ಕೊನೆಗೆ ನಮ್ಮ ಸಿನಿಮಾದ ಖಳನ ಹೆಸರಾಗಿ ಬಂದಿದೆ. ಈ ವಿಲನ್‌ಗೆ ಸ್ವಂತ ಸಂಸಾರ, ಸ್ವಂತ ಗುಡಿಸಲು, ಎತ್ತು, ಊರ ಹೊಲಗಳಲ್ಲಿ ಅಲ್ಲೊಂದು ಇಲ್ಲೊಂದು ಉದ್ದನೆಯ ಪಟ್ಟಿ ಜಮೀನು ಇರುತ್ತಿತ್ತು. ಆದರೆ ಅದನ್ನು ಬಿಟ್ಟು ಹೋಗುವ ಹಾಗಿಲ್ಲ. ವಾರದಲ್ಲಿ ಎರಡು ಮೂರು ದಿನ ಒಡೆಯನ ಹೊಲದಲ್ಲಿ ಬಿಟ್ಟಿ ಕೆಲಸ, ಸುಗ್ಗಿಯಲ್ಲಿ ಇನ್ನೂ ಜಾಸ್ತಿ. ಮಗಳ ಮದುವೆಗೆ ಒಡೆಯನಿಗೆ ದುಡ್ಡು. ಮನೆಯ ಯಜಮಾನ ಸತ್ತರೆ ಕೊಟ್ಟಿಗೆಯ ಒಳ್ಳೆಯ ದನ ಒಡೆಯನ ಪಾಲು. ಗಂಡ ಸತ್ತ ಮನೆಯಿಂದ ದನ ಬಿಚ್ಚಿಕೊಂಡು ಹೋಗುವುದನ್ನು ಮಕ್ಕಳಿಗೆ ಹೇಳಿದರೆ ಸಾಕು, ಊಳಿಗಮಾನ್ಯದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ವಿಲನ್ ಊರ ಪಂಚಾಯ್ತಿಯಂಥ ಒಡೆಯನ ಕೋರ್ಟಿನಲ್ಲಿ ಕೂತು, ನಮ್ಮೂರ ರೂಢಿ ಹೀಗಿದೆ ಅಂತ ಹೇಳುವವನೂ ಆಗಿದ್ದ. ಹೊಲದ ಉಸ್ತುವಾರಿಗೆ ರೀವ್ ಅಂತ ಒಬ್ಬನನ್ನು ಎಷ್ಟೋ ಕಡೆ ಊರವರೇ ತಮ್ಮೊಳಗಿನಿಂದ ಆರಿಸುತ್ತಿದ್ದರು. ಸುಗ್ಗಿಯ ಬಿಟ್ಟಿ ಕೆಲಸಕ್ಕೆ ಒಡೆಯ ಏನು ಊಟ ಹಾಕಬೇಕು, ಯಾವ ದಿನ ಏಲ್ ಅನ್ನುವ ಬಿಯರ್ ಕೊಡಬೇಕು, ಯಾವ ದಿನ ಬರೀ ನೀರು, ಇದೆಲ್ಲ ರೂಢಿಯಲ್ಲಿ ಇತ್ತು. ಒಡೆಯ ಮೀನು ಕಮ್ಮಿ ಹಾಕಿದರೆ ಜಗಳ. ಇವೆಲ್ಲ ಚರ್ಮದ ಸುರುಳಿಗಳಲ್ಲಿ ದಾಖಲಾಗುತ್ತಿದ್ದವು. ಆ ಸುರುಳಿಗಳು ಸಾವಿರಗಟ್ಟಲೆ ಇವತ್ತಿಗೂ ಉಳಿದಿವೆ.

ತುದಿಯ ರಾಜನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಒಬ್ಬನ ಉದಾಹರಣೆ ಸಾಕು. ಜಾನ್ ಇಂಗ್ಲೆಂಡಿನ ರಾಜ. ಆದರೆ ಫ್ರಾನ್ಸಿನಲ್ಲಿದ್ದ ತನ್ನ ನಾರ್ಮಂಡಿ ಮುಂತಾದ ಸೀಮೆಗಳಿಗೆ ಅವನು ಫ್ರಾನ್ಸ್ ರಾಜನ ಸಾಮಂತ. 1202ರಲ್ಲಿ ಫ್ರಾನ್ಸಿನ ರಾಜ ಫಿಲಿಪ್ ಸಾಮಂತನನ್ನು ಕರೆಸುವ ಹಾಗೆ ಇವನನ್ನು ತನ್ನ ಸಭೆಗೆ ಕರೆಸಿದ. ಇವನು ಹೋಗಲಿಲ್ಲ. 1204ರ ಹೊತ್ತಿಗೆ ನಾರ್ಮಂಡಿ ಕೈಬಿಟ್ಟಿತು. 1213ರಲ್ಲಿ ಇಂಗ್ಲೆಂಡನ್ನೇ ಪೋಪ್ ಮೂರನೇ ಇನ್ನೊಸೆಂಟನಿಗೆ ಒಪ್ಪಿಸಿ, ವರ್ಷಕ್ಕೆ 1,000 ಮಾರ್ಕ್ ಕಪ್ಪ ಕೊಡುತ್ತೇನೆ ಅಂತ ಒಪ್ಪಿ, ಅವನ ಸಾಮಂತನಾಗಿ ವಾಪಸ್ ಪಡೆದ. 1215ರ ಜೂನಿನಲ್ಲಿ ಅವನ ಕೈಕೆಳಗಿನ ಒಡೆಯರೇ ಅವನನ್ನು ರನ್ನಿಮೀಡ್ ಹುಲ್ಲುಗಾವಲಿಗೆ ಎಳೆದು ತಂದು, ರಾಜನ ಅಧಿಕಾರಕ್ಕೆ ಮಿತಿ ಹಾಕುವ ಮ್ಯಾಗ್ನಾಕಾರ್ಟಾ ಅನ್ನುವ ಪತ್ರಕ್ಕೆ ಮುದ್ರೆ ಒತ್ತಿಸಿದರು. ಎರಡೇ ತಿಂಗಳಲ್ಲಿ ಆ ಪೋಪ್ ಅದನ್ನು ರದ್ದು ಮಾಡಿದ. ಎಷ್ಟು ಬಾಣ ಹಾಕಬೇಕು, ಯಾವ ಕಡೆಗೆ ಹಾಕಬೇಕು, ನೀವೇ ಹೇಳಿ. ಮ್ಯಾಗ್ನಾಕಾರ್ಟಾವನ್ನು ಪರೀಕ್ಷೆಯಲ್ಲಿ ಕೇಳುತ್ತೇವೆ. ಅದರ ದೊಡ್ಡ ಭರವಸೆಗಳು ಸ್ವತಂತ್ರ ಮನುಷ್ಯನಿಗೆ ಮಾತ್ರ, ವಿಲನ್‌ಗೆ ಅಲ್ಲ ಅಂತ ಒಂದು ಸಾಲು ಸೇರಿಸುವುದು ಕಷ್ಟವಾ? ಅವನಿಗೆ ಸಿಕ್ಕಿದ್ದು ಇಷ್ಟೇ: ದಂಡ ಹಾಕಿದರೂ ಅವನ ಬೇಸಾಯದ ಜೀವನಾಧಾರ ಉಳಿಯಬೇಕು ಅನ್ನುವುದು.

ಈ ಮಾತು ನನ್ನದಷ್ಟೇ ಅಲ್ಲ. ಎಲಿಜಬೆತ್ ಬ್ರೌನ್ ಅನ್ನುವ ಇತಿಹಾಸಕಾರ್ತಿ 1974ರಲ್ಲೇ, ಸೂಸನ್ ರೆನಾಲ್ಡ್ಸ್ 1994ರಲ್ಲಿ, ಊಳಿಗಮಾನ್ಯ ಅನ್ನುವ ಒಂದೇ ಅಚ್ಚಿನಲ್ಲಿ ಇಡೀ ಯುರೋಪನ್ನು ಒತ್ತಬೇಡಿ, ಅದು ನಂತರದ ಕಾಲದ ವಕೀಲರು, ವಿದ್ವಾಂಸರು ಕಟ್ಟಿದ ಚೌಕಟ್ಟು ಅಂತ ವಾದಿಸಿದ್ದಾರೆ. ಐವತ್ತು ವರ್ಷ ಆಯಿತು. ನಮ್ಮ ಬೋರ್ಡಿನ ಮೇಲೆ ಮಾತ್ರ ತ್ರಿಕೋನ ಹಾಗೇ ಇದೆ.

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಕೆಳಗಿನವರು ಏನು ಮಾಡಿದರು?

1348ರಲ್ಲಿ ಪ್ಲೇಗ್ ಇಂಗ್ಲೆಂಡಿಗೆ ಬಂತು. ಒಂದೆರಡು ವರ್ಷದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಜನ ಸತ್ತರು. ಉಳಿದವರ ದುಡಿಮೆಗೆ ಬೆಲೆ ಬಂತು, ಕೂಲಿ ಜಾಸ್ತಿ ಕೇಳಿದರು. 1351ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಿ, ಪ್ಲೇಗಿಗೆ ಮುಂಚಿನ ಕೂಲಿಯನ್ನೇ ತೆಗೆದುಕೊಳ್ಳಬೇಕು ಅಂದಿತು. ಆ ಪಾರ್ಲಿಮೆಂಟಿನಲ್ಲಿ ಕೂಲಿಯವರ ಪರ ಕೂತವರು ಯಾರೂ ಇರಲಿಲ್ಲ.

1377ರ ಹೊತ್ತಿಗೆ ದಕ್ಷಿಣ ಇಂಗ್ಲೆಂಡಿನ ಸುಮಾರು 40 ಹಳ್ಳಿಗಳ ಜನ ಏನು ಮಾಡಿದರು ನೋಡಿ. 1086ರ ಆ ಹಳೆಯ ಲೆಕ್ಕದ ಪುಸ್ತಕ ಇತ್ತಲ್ಲ, ಡೂಮ್ಸ್‌ಡೇ ಅಂತ ಹೆಸರು. ಅದರಲ್ಲಿ ತಮ್ಮ ಊರಿನ ಬಗ್ಗೆ ಬರೆದ ಭಾಗದ ನಕಲನ್ನು ದುಡ್ಡು ಕೊಟ್ಟು ತೆಗೆಸಿದರು. ನಮ್ಮವರು ತಾಲೂಕು ಕಚೇರಿಯಲ್ಲಿ ಪಹಣಿ ತೆಗೆಸುವ ಹಾಗೆ. ನಮ್ಮ ಊರು ಹಿಂದೆ ರಾಜನದೇ ಆಗಿತ್ತು, ಆದ್ದರಿಂದ ಈಗಿನ ಒಡೆಯನಿಗೆ ನಾವು ಈ ಬಿಟ್ಟಿ ಕೆಲಸ ಮಾಡಬೇಕಿಲ್ಲ ಅಂತ ಅವರ ವಾದ. ತೆರಿಗೆ ಎತ್ತಲು ರಾಜ ಬರೆಸಿದ ಪುಸ್ತಕವನ್ನು ಸುಮಾರು 290 ವರ್ಷದ ಮೇಲೆ ರೈತರು ತಮ್ಮ ಪರವಾಗಿ ತೆರೆಸಿದರು. ಬಹುಪಾಲು ಜನ ಓದಲು ಬಾರದವರು. ಆದರೂ ಕಾಗದದ ಬೆಲೆ ಅವರಿಗೆ ಗೊತ್ತಿತ್ತು. ಅವರು ಗೆಲ್ಲಲಿಲ್ಲ.

ಅದೇ 1377ರಲ್ಲಿ ತಲೆಗಂದಾಯ ಬಂತು, ತಲೆಗೆ 4 ಪೆನ್ಸ್. 1380ರ ಕೊನೆಯಲ್ಲಿ ಅದನ್ನು 12 ಪೆನ್ಸ್ ಮಾಡಿದರು. 1381ರ ಮೇ ಕೊನೆಗೆ ಎಸೆಕ್ಸ್ ಸೀಮೆಯಲ್ಲಿ ಜನ ಎದ್ದರು, ಆಮೇಲೆ ಕೆಂಟ್. ಜೂನ್ ಮಧ್ಯದಲ್ಲಿ ಲಂಡನ್ ಅವರ ಕೈಯಲ್ಲಿ. ವಾಟ್ ಟೈಲರ್ ಮುಖಂಡ, ಜಾನ್ ಬಾಲ್ ಅನ್ನುವ ಪಾದ್ರಿ ಅವರ ಮಾತುಗಾರ. ಆದಾಮ ಅಗೆಯುತ್ತಿದ್ದಾಗ, ಈವ ನೂಲುತ್ತಿದ್ದಾಗ, ದೊಡ್ಡ ಮನುಷ್ಯ ಅನ್ನಿಸಿಕೊಂಡವನು ಯಾರಿದ್ದ ಅಂತ ಅವನು ಕೇಳಿದ ಮಾತು ಈಗಲೂ ಇಂಗ್ಲಿಷಿನಲ್ಲಿ ನಾಣ್ಣುಡಿಯ ಹಾಗಿದೆ. ರಾಜ ಎರಡನೇ ರಿಚರ್ಡನಿಗೆ ಆಗ 14 ವರ್ಷ. ನನ್ನ ಕ್ಲಾಸಿನ ಮಕ್ಕಳ ವಯಸ್ಸು. ಅವನೇ ಎದುರು ಬಂದು ಒಡೆಯರ ಕಟ್ಟಿನಿಂದ ಬಿಡುಗಡೆಯ ಪತ್ರ ಬರೆಸಿಕೊಟ್ಟ.

ಸೇಂಟ್ ಆಲ್ಬನ್ಸ್‌ನವರು ಲಂಡನ್ನಿಗೆ ಹೋಗಿ ತಮ್ಮ ಪತ್ರ ತಂದರು. ಅವರ ಮುಂದಾಳು ವಿಲಿಯಂ ಗ್ರಿಂಡ್‌ಕಾಬ್. ವಾಪಸ್ ಬಂದವರು ಮಠದೊಳಗೆ ನುಗ್ಗಿದರು. ಮಠದ ಕಡತಗಳಿಗೆ ಬೆಂಕಿ ಇಟ್ಟರು. ಚಿನ್ನದ ಮತ್ತು ನೀಲಿ ಅಕ್ಷರಗಳಲ್ಲಿ ಬರೆದ ಒಂದು ಹಳೆಯ ಶಾಸನ ನಿಮ್ಮ ಹತ್ತಿರ ಇದೆ, ಈ ಮಠ ಕಟ್ಟಿಸಿದ ಹಳೆಯ ಕಾಲದ ಆಫಾ ರಾಜ ನಮ್ಮೂರಿಗೆ ಸ್ವಾತಂತ್ರ್ಯ ಕೊಟ್ಟ ಶಾಸನ, ಅದನ್ನು ಹೊರಗೆ ತೆಗೆಯಿರಿ ಅಂತ ಪಟ್ಟು ಹಿಡಿದರು. ಅಂಥದ್ದನ್ನು ತಾನು ಕಂಡೇ ಇಲ್ಲ ಅಂದ ಮಠಾಧಿಪತಿ.

ಆಮೇಲೆ ಆ ಕೋಣೆಗೆ ಹೋದರು.

ಐವತ್ತು ವರ್ಷದ ಹಿಂದೆ ನೆಲಕ್ಕೆ ಹಾಸಿದ್ದ ಬೀಸುವ ಕಲ್ಲುಗಳನ್ನು ಕಿತ್ತರು. ಹೊರಗೆ ಹೊತ್ತು ತಂದರು. ಚೂರು ಚೂರು ಮಾಡಿದರು. ಒಬ್ಬೊಬ್ಬರ ಕೈಗೆ ಒಂದೊಂದು ಚೂರು ಕೊಟ್ಟರು, ಭಾನುವಾರ ಚರ್ಚಿನಲ್ಲಿ ಪ್ರಸಾದದ ರೊಟ್ಟಿ ಹಂಚುವ ಹಾಗೆ. ಪ್ರಸಾದದ ಈ ಹೋಲಿಕೆ ನಾನು ಕಟ್ಟಿದ್ದಲ್ಲ. ಇದನ್ನು ಬರೆದಿಟ್ಟವನು ಅದೇ ಮಠದ ಸನ್ಯಾಸಿ ಥಾಮಸ್ ವಾಲ್ಸಿಂಗ್‌ಹ್ಯಾಮ್. ದಂಗೆಯವರನ್ನು ಕಂಡರೆ ಅವನಿಗೆ ಆಗದು, ಬೈದೇ ಬರೆದಿದ್ದಾನೆ. ಅವನ ಕಣ್ಣಿಗೂ ಅದು ಪ್ರಸಾದದ ಹಾಗೆ ಕಂಡಿತು. ಈ ಸಾಲು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಕಲ್ಲಿನ ಚೂರಿನಲ್ಲಿ ಹಿಟ್ಟು ಬೀಸಲು ಆಗುವುದಿಲ್ಲ. ಆದರೂ ಮನೆಗೆ ತೆಗೆದುಕೊಂಡು ಹೋದರು.

ಮುಂದಿನದು ಬೇಗ ಹೇಳಿಬಿಡುತ್ತೇನೆ. ಲಂಡನ್ನಿನಲ್ಲಿ ವಾಟ್ ಟೈಲರನನ್ನು ರಾಜನ ಎದುರಿಗೇ ಕೊಂದರು. ಜುಲೈ 2ಕ್ಕೆ ರಾಜ ಎಲ್ಲ ಬಿಡುಗಡೆ ಪತ್ರಗಳನ್ನೂ ರದ್ದು ಮಾಡಿದ. ಗ್ರಿಂಡ್‌ಕಾಬ್‌ನನ್ನು ಹಿಡಿದು, ಊರವರಿಂದ ಪತ್ರ ವಾಪಸ್ ಕೊಡಿಸು ಅಂತ ಜಾಮೀನಿನ ಮೇಲೆ ಬಿಟ್ಟರು. ಅವನು ಊರಿಗೆ ಬಂದು, ನನ್ನ ಜೀವ ನೋಡಿಕೊಂಡು ಪತ್ರ ಕೊಡಬೇಡಿ ಅಂತಲೇ ಹೇಳಿದ. ಜುಲೈ 15ರಂದು ಅವನನ್ನು ಗಲ್ಲಿಗೆ ಹಾಕಿದರು. ಜಾನ್ ಬಾಲ್‌ನನ್ನು ಕೊಂದದ್ದೂ ಅದೇ ಊರಿನಲ್ಲಿ, ಅದೇ ದಿನ.

ದಂಗೆ ಸೋತಿತು. ಆದರೂ ಮುಂದಿನ ನೂರು ವರ್ಷದಲ್ಲಿ ಇಂಗ್ಲೆಂಡಿನಲ್ಲಿ ವಿಲನ್‌ಗಿರಿ ಒಣಗುತ್ತಾ ಹೋಯಿತು. ರದ್ದು ಮಾಡಿ ಯಾರೂ ಕಾನೂನು ಬರೆಯಲಿಲ್ಲ. ಜನ ಕಮ್ಮಿ, ಜಮೀನು ಜಾಸ್ತಿ. ಒಬ್ಬ ಒಡೆಯ ಬಿಗಿ ಮಾಡಿದರೆ ಪಕ್ಕದ ಊರಿಗೆ ಹೋಗುತ್ತಿದ್ದರು. ಬಿಟ್ಟಿ ಕೆಲಸ ಹೋಗಿ ಗೇಣಿ ಬಂತು, ಕೋರ್ಟಿನ ಸುರುಳಿಯ ನಕಲೇ ರೈತನ ಕೈಯಲ್ಲಿ ಜಮೀನಿನ ಪತ್ರವಾಯಿತು. ಹಾಗಂತ ಎಲ್ಲ ಕಡೆ ಹೀಗೇ ಆಯಿತು ಅಂತ ಬರೆಯಬೇಡಿ. ಪೋಲೆಂಡ್, ಪ್ರಷ್ಯಾ, ರಷ್ಯಾ ಕಡೆ ಅದೇ ಕಾಲದ ನಂತರ ರೈತರ ಮೇಲಿನ ಕಟ್ಟು ಇನ್ನೂ ಬಿಗಿಯಾಯಿತು. ರಷ್ಯಾದಲ್ಲಿ ಅದು ಕಾನೂನಿನ ಪ್ರಕಾರ ಹೋದದ್ದು 1861ರಲ್ಲಿ.

ಇದಕ್ಕೆಲ್ಲ ಜಾಗ ಎಲ್ಲಿದೆ ಅಂತ ನೀವು ಕೇಳಬಹುದು. ತ್ರಿಕೋನಕ್ಕೆ ಅರ್ಧ ಪುಟ ಕೊಟ್ಟಿದ್ದೀರಲ್ಲ, ಅಷ್ಟೇ ಸಾಕು. ಒಂದು ಮಠ, ಒಂದು ಗಿರಣಿ, ಒಂದು ಕೋಣೆಯ ನೆಲ, ಒಂದು ಕಲ್ಲಿನ ಚೂರು. ಪರೀಕ್ಷೆಗೆ ಪ್ರಶ್ನೆಯೂ ಬರೆದುಕೊಡುತ್ತೇನೆ: ಮನೆಯಲ್ಲಿ ಬೀಸುವ ಕಲ್ಲು ಇಟ್ಟುಕೊಳ್ಳುವುದನ್ನು ಒಡೆಯರು ಯಾಕೆ ತಡೆಯುತ್ತಿದ್ದರು? ಮೂರು ಅಂಕ.

ನೀವು ಹಾಕುವ ತನಕ ನಾನು ಕಾಯುವುದಿಲ್ಲ. ಮುಂದಿನ ವರ್ಷ ಈ ಪಾಠ ಬಂದಾಗ ಅಜ್ಜಿ ಮನೆಯ ಕಲ್ಲನ್ನು ಕ್ಲಾಸಿಗೆ ತರುತ್ತೇನೆ. ಆಟೋದವನಿಗೆ ಹೇಳಿಟ್ಟಿದ್ದೇನೆ. ಮೇಲಿನ ಕಲ್ಲು ಒಬ್ಬರೇ ಎತ್ತಬಹುದು, ಕೆಳಗಿನದಕ್ಕೆ ಇಬ್ಬರು ಬೇಕು. ಪ್ರಶ್ನೆ ಕೇಳಿದ ಹುಡುಗಿ ಅಷ್ಟೊತ್ತಿಗೆ ಮುಂದಿನ ಕ್ಲಾಸಿಗೆ ಹೋಗಿರುತ್ತಾಳೆ, ಅವಳನ್ನೂ ಕರೆಸುತ್ತೇನೆ. ಒಂದು ಹಿಡಿ ರಾಗಿ ಅವಳೇ ಬೀಸಲಿ.

ಇಂತಿ,
ಒಬ್ಬ ಸಮಾಜ ವಿಜ್ಞಾನದ ಮೇಷ್ಟ್ರು